ಮನೆಯ ಎಣ್ಣೆಗಳಲ್ಲಿ ಯಾವುದು ಯಾವ ಕೆಲಸಕ್ಕೆ?

"ಅಡುಗೆಮನೆಯ ಎಣ್ಣೆಗಳನ್ನೇ ಬೇರೆ ಕೆಲಸಕ್ಕೂ ಬಳಸಿ ನಾಲ್ಕು ಕಾಸು ಉಳಿಸಬಹುದಾ? ಕರಿದು ಮಿಕ್ಕ ಎಣ್ಣೆ ಏನು ಮಾಡೋದು?" ಅಂತ ಕೇಳಿದ್ದೀರಿ. ಉಳಿಸಬಹುದು. ಆದರೆ ಉಳಿಸೋಕೆ ಹೋಗಿ ನಾನು ಒಮ್ಮೆ ಕಳೆದುಕೊಂಡಿದ್ದೇನೆ. ಅದನ್ನೇ ಮೊದಲು ಹೇಳುತ್ತೇನೆ.

ನಮ್ಮದು ವಿಜಯಪುರ. ಹೊಲಿಗೆ ಮಷಿನ್ನು ಕಿರಗುಟ್ಟುತ್ತಿತ್ತು, ಮಷಿನ್ ಎಣ್ಣೆ ತೀರಿತ್ತು. ಎಣ್ಣೆ ಎಣ್ಣೆಯೇ ಅಲ್ವಾ ಅಂತ ಕುಸುಬಿ ಎಣ್ಣೆ ನಾಲ್ಕು ಹನಿ ಬಿಟ್ಟೆ. ಅವತ್ತು ಸರಾಗ ಓಡಿತು. ಎರಡು ತಿಂಗಳಿಗೆ ಚಕ್ರವೇ ತಿರುಗಲಿಲ್ಲ. ರಿಪೇರಿಯವರು ಬಿಚ್ಚಿದರೆ ಒಳಗೆಲ್ಲ ಬೆಲ್ಲದ ಪಾಕದಂಥ ಅಂಟು. 350 ರೂಪಾಯಿ ಹೋಯಿತು. ಅತ್ತೆ ನಕ್ಕರು: "ಕುಸುಬಿ ಎಣ್ಣಿ ಒಣಗತೈತಿ, ಔಡಲೆಣ್ಣಿ ಒಣಗಂಗಿಲ್ಲ. ಅಷ್ಟೂ ಗೊತ್ತಿಲ್ಲೇನವಾ?"

ನಿಜಕ್ಕೂ ಅದೇ ಸಂಗತಿ. ಕುಸುಬಿ, ಸೂರ್ಯಕಾಂತಿ, ಅಗಸೆ ಎಣ್ಣೆಗಳು ತೆಳ್ಳಗೆ ಹರಡಿದ್ದರೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಅಂಟಾಗಿ ಗಟ್ಟಿಯಾಗುತ್ತವೆ. ಅಗಸೆ ಎಲ್ಲಕ್ಕಿಂತ ಬೇಗ. ಔಡಲೆಣ್ಣೆ (ಹರಳೆಣ್ಣೆ), ಕೊಬ್ಬರಿ ಎಣ್ಣೆ ಹಾಗಾಗುವುದಿಲ್ಲ.

ಮಷಿನ್ ಕೆಡಿಸಿದ ಆ ಗುಣವೇ ರೊಟ್ಟಿ ಹಂಚಿಗೆ ಬೇಕು. ಕಬ್ಬಿಣದ ಹಂಚು ತುಕ್ಕು ಹಿಡಿದಿದ್ದರೆ ತಿಕ್ಕಿ ತೊಳೆದು, ಒಲೆಯ ಮೇಲಿಟ್ಟು ಪೂರ್ತಿ ಒಣಗಿಸಿ. ಬಟ್ಟೆಯಲ್ಲಿ ಕುಸುಬಿ ಎಣ್ಣೆ ಸವರಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿಬಿಡಿ. ಎಣ್ಣೆ ಹಚ್ಚಿಯೇ ಇಲ್ಲವೇನೋ ಅನ್ನುವಷ್ಟು ತೆಳು ಇರಬೇಕು. ಆಮೇಲೆ ಹೊಗೆ ಬಂದು ನಿಲ್ಲುವವರೆಗೂ ಕಾಯಿಸಿ. ಮೂರ್ನಾಲ್ಕು ಸಲ ಹೀಗೆ ಮಾಡಿದರೆ ಕಪ್ಪು ಪದರು ಕೂತು ದೋಸೆ ಕೂಡ ಎದ್ದು ಬರುತ್ತದೆ. ಎಣ್ಣೆ ಜಾಸ್ತಿಯಾದರೆ ಮಾತ್ರ ಹಂಚೂ ನನ್ನ ಮಷಿನ್ ಥರ ಅಂಟಂಟು. (ಕುಸುಬಿ ಗಿಡಕ್ಕೆ ಮುಳ್ಳು. ದನ ನುಗ್ಗದಿರಲಿ ಅಂತ ನಮ್ಮ ಕಡೆ ಜೋಳದ ಹೊಲದ ಸುತ್ತ ಬಿತ್ತುತ್ತಾರೆ. ಬೇಲಿಗೆ ಬೇಲಿ, ಎಣ್ಣೆಗೆ ಎಣ್ಣೆ.)

ಔಡಲೆಣ್ಣೆ ದಪ್ಪ. ಬಾಗಿಲಿನ ಬಿಜಾಗರಿ, ಬಾವಿಯ ಗಾಲಿಗೆ ಅದೇ ಸರಿ. ಬೀಗಕ್ಕೆ ಮಾತ್ರ ಯಾವ ಎಣ್ಣೆಯೂ ಬೇಡ, ಧೂಳು ಹಿಡಿಯುತ್ತದೆ. ಪೆನ್ಸಿಲ್ ಕಡ್ಡಿಯ ಪುಡಿ ಉದುರಿಸಿ ಸಾಕು. ಕೊಲ್ಹಾಪುರಿ ಚಪ್ಪಲಿ ಬಿರುಸಾದರೆ ಔಡಲೆಣ್ಣೆಯನ್ನು ಬೆರಳ ತುದಿಯಲ್ಲಿ ಸವರಿ ರಾತ್ರಿ ಇಡಿ.

ಔಡಲೆಣ್ಣೆಯ ದೊಡ್ಡ ಕೆಲಸ ಬೇಳೆ ಕಾಯೋದು. ಸಂಕ್ರಾಂತಿ ಹೊತ್ತಿಗೆ ಹೊಸ ತೊಗರಿ ಬಂದಾಗ ವರ್ಷದ ಬೇಳೆ ಮಾಡಿಸುತ್ತೇವೆ. ಕೆಜಿಗೆ ಒಂದು ಸಣ್ಣ ಚಮಚ ಎಣ್ಣೆ ಹಾಕಿ ಎರಡೂ ಕೈಯಲ್ಲಿ ತಿಕ್ಕಿ, ಬಿಸಿಲಿಗೆ ಹರವಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬುತ್ತೇವೆ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಮುಗ್ಗುತ್ತದೆ. ಎಣ್ಣೆಯ ಪದರು ಹುಳದ ಮೊಟ್ಟೆಗೆ ಗಾಳಿ ಸಿಗದಂತೆ ಮಾಡುತ್ತದೆ. ಬೇಯಿಸುವ ಮುಂಚೆ ಬಿಸಿನೀರಿನಲ್ಲಿ ಎರಡು ಸಲ ತೊಳೆಯಿರಿ.

ಬೇಸಿಗೆಯಲ್ಲಿ ಮಸಾಲೆ ಖಾರ ಕುಟ್ಟಿ ಕೈ ಉರಿದರೆ ನೀರಿನಲ್ಲಿ ಎಷ್ಟು ತೊಳೆದರೂ ಸುಮ್ನೆ. ಮೆಣಸಿನಕಾಯಿಯ ಉರಿ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಶೇಂಗಾ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಹೊಸ ಸ್ಟೀಲ್ ಡಬ್ಬಿಯ ಸ್ಟಿಕರ್ ಅಂಟಿಗೂ ಇದೇ ಉಪಾಯ.

ಹಳೇ ಕಟ್ಟಿಗೆ ಬಾಗಿಲಿಗೆ ಅಗಸೆ ಎಣ್ಣೆ ಚೆನ್ನ. ಆದರೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಆ ಬಿಸಿ ಹೊರಗೆ ಹೋಗದಿದ್ದರೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಬಿಡಿಸಿ, ಹೊರಗೆ ಒಣಹಾಕಿ.

ಇನ್ನು ಕರಿದ ಎಣ್ಣೆ. ಮತ್ತೆ ಮತ್ತೆ ಕಾಯಿಸಿ ಕರಿಯಬೇಡಿ, ಮೋರಿಗೂ ಸುರಿಯಬೇಡಿ, ಕಟ್ಟಿಕೊಳ್ಳುತ್ತದೆ. ಸೋಸಿ ಇಟ್ಟುಕೊಂಡು ಕುಡುಗೋಲು, ಸಲಿಕೆ, ಕುರ್ಪಿಗೆ ಮಳೆಗಾಲದ ಮುಂಚೆ ಸವರಿ. ಹಿಟ್ಟಿನ ಚೂರು ಉಳಿದರೆ ಇರುವೆ ಬರುತ್ತದೆ. ದೇವರ ದೀಪಕ್ಕೂ ಹಾಕಬಹುದಾ ಅಂತ ನಾನೂ ಒಮ್ಮೆ ಕೇಳಿದ್ದೆ. ಅತ್ತೆ ನೋಡಿದ ನೋಟಕ್ಕೆ ಮತ್ತೆ ಕೇಳಿಲ್ಲ.