ತಾಮ್ರಕ್ಕೆ ಯಾವ ಪೊಟೆನ್ಷಿಯಲ್?

ಪ್ರಶ್ನೆ: ತಾಮ್ರದ ಸಿಮ್ಯುಲೇಷನ್‌ಗೆ ಲೆನಾರ್ಡ್-ಜೋನ್ಸ್ ಪೊಟೆನ್ಷಿಯಲ್ ಸಾಕಲ್ವಾ? ನಮ್ಮ ಗೈಡ್ 'ಇಎಎಂ' (ಎಂಬೆಡೆಡ್ ಆಟಮ್ ಮೆಥಡ್) ಬಳಸಿ ಅನ್ನುತ್ತಾರೆ.
– ಎಂ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಸಾಲದು, ನಿಮ್ಮ ಗೈಡ್ ಹೇಳಿದ್ದೇ ಸರಿ. ಪೊಟೆನ್ಷಿಯಲ್ ಅಂದರೆ ಪರಮಾಣುಗಳ ನಡುವಿನ ಶಕ್ತಿಯನ್ನು ಲೆಕ್ಕ ಹಾಕುವ ಸೂತ್ರ. ಲೆನಾರ್ಡ್-ಜೋನ್ಸ್ ಎರಡೆರಡು ಪರಮಾಣುಗಳ ನಡುವಿನ ದೂರವನ್ನಷ್ಟೇ ನೋಡುತ್ತದೆ. ಆರ್ಗಾನ್‌ಗೆ ಅದು ಚೆನ್ನಾಗಿ ಹೊಂದುತ್ತದೆ, ಲೋಹಕ್ಕಲ್ಲ. ತಾಮ್ರದ ಹರಳಿನಲ್ಲಿ ಒಂದು ಪರಮಾಣುವಿನ ಜಾಗ ಖಾಲಿಯಾಗಲು ನಿಜಕ್ಕೂ ಬೇಕಾಗುವುದು ಸುಮಾರು 1.3 ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಬರೀ ಜೋಡಿ ಲೆಕ್ಕ ಹಿಡಿದರೆ ಅದು ಒಂದು ಪರಮಾಣುವಿನ ಬಂಧಶಕ್ತಿಯಷ್ಟೇ, ಅಂದರೆ 3.5ರ ಹತ್ತಿರ ಬಂದುಬಿಡುತ್ತದೆ. ಇಷ್ಟು ತಪ್ಪಿಟ್ಟುಕೊಂಡು ಡಿಫ್ಯೂಷನ್ (ಪರಮಾಣುಗಳು ಜಾಗ ಬದಲಿಸುತ್ತಾ ಹರಡುವುದು) ಲೆಕ್ಕ ಹಾಕಿದರೆ ಏನು ಬಂತು?

ಮರ್ರಿ ಡಾ ಮತ್ತು ಮೈಕೆಲ್ ಬಾಸ್ಕೆಸ್ ಎಂಬ ವಿಜ್ಞಾನಿಗಳು 1984ರಲ್ಲಿ ವಿವರವಾಗಿ ಮಂಡಿಸಿದ ಇಎಎಂನಲ್ಲಿ, ಜೋಡಿ ಲೆಕ್ಕದ ಜೊತೆಗೆ, ಸುತ್ತಲಿನ ಪರಮಾಣುಗಳು ಸೇರಿ ಕೊಡುವ ಎಲೆಕ್ಟ್ರಾನ್ ಸಾಂದ್ರತೆಯೂ ಸೇರುತ್ತದೆ. ನೆರೆಯವರು ಜಾಸ್ತಿಯಾದಷ್ಟೂ ಒಂದೊಂದು ಬಂಧದ ಬಲ ಕಡಿಮೆ. ಲೋಹದ ಗುಣವೇ ಇದು.

ಮಿಶ್ರಲೋಹಕ್ಕೆ ಮಾತ್ರ ಹುಷಾರು. ತಾಮ್ರದ್ದೊಂದು, ನಿಕ್ಕಲ್‌ದೊಂದು ಪೊಟೆನ್ಷಿಯಲ್ ಫೈಲ್ ತಂದು ಸುಮ್ನೆ ಸೇರಿಸಬೇಡಿ, ತಾಮ್ರ-ನಿಕ್ಕಲ್ ಜೋಡಿಯ ಲೆಕ್ಕವನ್ನೂ ಒಟ್ಟಿಗೆ ಹೊಂದಿಸಿದ ಪೊಟೆನ್ಷಿಯಲ್ ಹುಡುಕಿ. ಕೆಲಸ ಶುರುಮಾಡುವ ಮುಂಚೆ ಲ್ಯಾಟಿಸ್ ಅಳತೆ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಘಟಕದ ಅಂಚಿನ ಉದ್ದ, ತಾಮ್ರಕ್ಕೆ ಸುಮಾರು 3.61 ಆಂಗ್‌ಸ್ಟ್ರಾಮ್), ಖಾಲಿ ಜಾಗದ ಶಕ್ತಿ ಎರಡನ್ನೂ ನೀವೇ ಒಮ್ಮೆ ತೆಗೆದು ನೋಡಿ.