ಎರಡು ಸಲ ಸೋತವರು ಮತ್ತೆ ವಿಧಾನಸಭೆಗೆ ನಿಲ್ಲಬಹುದೇ? ಠೇವಣಿ ವಾಪಸ್ ಬರುತ್ತದೆಯೇ?

ಎಷ್ಟು ಸಲ ಸೋತರೂ, ಠೇವಣಿ ಹೋದರೂ ಮತ್ತೆ ನಿಲ್ಲಲು ಅಡ್ಡಿಯಿಲ್ಲ. ಕಡೂರು, ತರೀಕೆರೆಯಂಥ ಸಾಮಾನ್ಯ ಕ್ಷೇತ್ರದಲ್ಲಿ ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರು ಎಲ್ಲಿ ನಿಂತರೂ 5,000. ಹಾಗಾಗಿ ಮೀಸಲು ಕ್ಷೇತ್ರವಾದ ಮೂಡಿಗೆರೆಯಲ್ಲಿ ಎಲ್ಲರಿಗೂ ಅಷ್ಟೇ. ಅದು ವಾಪಸ್ ಬರಲು ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. 1,50,000 ಸಿಂಧು ಮತ ಬಿದ್ದಿದ್ದರೆ 25,001 ಬರಬೇಕು, ಸರಿಯಾಗಿ 25,000 ಬಂದರೂ ಹೋಯಿತು. ನೋಟಾ ಈ ಲೆಕ್ಕಕ್ಕೆ ಸೇರುವುದಿಲ್ಲ.

ನಿಜವಾದ ಪೆಟ್ಟು ಬೀಳುವುದು ಖರ್ಚಿನ ಲೆಕ್ಕದಲ್ಲಿ. ಸೋತ ಬೇಸರದಲ್ಲಿ ಶಾಮಿಯಾನ, ಆಟೋ ಮೈಕು, ಕರಪತ್ರದ ಬಿಲ್ಲುಗಳನ್ನು ಬಿಸಾಕಬೇಡಿ. ಫಲಿತಾಂಶ ಬಂದ 30 ದಿನದೊಳಗೆ ವೋಚರ್ ಸಮೇತ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ, ಕೊಡಲೇಬೇಕು. ಸರಿಯಾದ ಕಾರಣವಿಲ್ಲದೆ ತಪ್ಪಿಸಿದರೆ ಚುನಾವಣಾ ಆಯೋಗ 3 ವರ್ಷ ಅನರ್ಹಗೊಳಿಸುತ್ತದೆ.