ಪಿಟಿ ಎಂದರೆ ಕನಿಕರ ತಾನೆ? ಹಾಗಾದರೆ ‘ಐ ಪಿಟಿ ಯು’ ಅಂದಿದ್ದರಲ್ಲಿ ತಪ್ಪೇನು?

ಪರೀಕ್ಷೆಯಲ್ಲಿ ಫೇಲಾದ ಗೆಳತಿಗೆ ‘ಐ ಪಿಟಿ ಯು’ ಅಂತ ಮೆಸೇಜ್ ಕಳಿಸಿದಿರಿ, ಅವರು ಮಾತೇ ಬಿಟ್ಟರು, ನಿಘಂಟಿನಲ್ಲಿ ನೋಡಿದರೆ ಕನಿಕರ, ಮರುಕ ಅಂತಲೇ ಇದೆ ಎಂದು ಬರೆದಿದ್ದೀರಿ. ನಿಘಂಟಿನ ಅರ್ಥ ಸರಿಯೇ. ಆದರೆ ಆ ಮಾತನ್ನು ಯಾರೆದುರು ಆಡಬಹುದು, ಯಾರೆದುರು ಆಡಬಾರದು ಅನ್ನುವುದು ಒಂದು ಸಾಲಿನ ಅರ್ಥದಲ್ಲಿ ಸಿಗುವುದಿಲ್ಲ.

ಇಂದಿನ ಇಂಗ್ಲಿಷಿನಲ್ಲಿ ಎದುರಿಗಿರುವವರಿಗೆ ‘ಐ ಪಿಟಿ ಯು’ ಅನ್ನುವುದು ಹೆಚ್ಚುಕಡಿಮೆ ಬೈಗುಳವೇ. ಜಗಳದ ಕೊನೆಯಲ್ಲಿ ‘ನಿನ್ನ ಮೇಲೆ ಸಿಟ್ಟೂ ಬರಲ್ಲ, ಅಯ್ಯೋ ಅನ್ಸುತ್ತೆ ಅಷ್ಟೆ’ ಅಂತ ಬಿಸಾಕಿ ಹೋಗುತ್ತಾರಲ್ಲ, ಅದೇ ಧಾಟಿ. ನೀವು ಬರೆಯಬೇಕಿದ್ದದ್ದು ‘ಐ ಆಮ್ ಸೋ ಸಾರಿ’. ಇಲ್ಲಿ ಸಾರಿ ಅಂದರೆ ಕ್ಷಮೆ ಕೇಳುವುದಲ್ಲ, ಕೇಳಿ ಬೇಜಾರಾಯ್ತು ಅಂತ. ಈಗಲೂ ಬರೆಯಬಹುದು, ಈ ಸಲ ಎರಡೂ ಅರ್ಥದಲ್ಲಿ.

ಹಾಗಂತ ಪಿಟಿ ಪದವನ್ನೇ ಬಿಟ್ಟುಬಿಡಬೇಕಿಲ್ಲ. ನನ್ನ ಪ್ರಕಾರ ಗುಟ್ಟೆಲ್ಲ ಇರುವುದು ಅದರ ಹಿಂದೆ ‘ಎ’ ಅನ್ನುವ ಪುಟ್ಟ ಆರ್ಟಿಕಲ್ ಇದೆಯೋ ಇಲ್ಲವೋ ಅನ್ನುವುದರಲ್ಲಿ. ‘ಎ ಪಿಟಿ’ ಅಂದರೆ ಬೇಸರದ ಸಂಗತಿ, ಯಾರ ಮೇಲಿನ ಕನಿಕರವೂ ಅಲ್ಲ. ‘ಇಟ್ಸ್ ಎ ಪಿಟಿ ಯು ಕಾಂಟ್ ಕಮ್’ ಅಂದರೆ ನೀವು ಬರಲಾಗದಿರುವುದು ಬೇಜಾರು. ಕೇಳಿದವರು ಕೆಳಗಾಗುವುದಿಲ್ಲ, ಅವರು ಬಂದಿದ್ದರೆ ಚೆನ್ನಾಗಿತ್ತು ಅನ್ನುವ ಪ್ರೀತಿಯೇ ಅದರಲ್ಲಿರುತ್ತದೆ. ‘ವಾಟ್ ಎ ಪಿಟಿ’ ಕೂಡ ಅಷ್ಟೆ, ನಮ್ಮ ‘ಛೆ, ಹೀಗಾಗಬಾರದಿತ್ತು’. ಮಾತಿನ ಓಟದಲ್ಲಿ ಹಿಂದಿನ ‘ಇಟ್ಸ್ ಎ’ ನುಂಗಿ ‘ಪಿಟಿ ಅಬೌಟ್ ದಿ ರೇನ್’ ಅನ್ನುವುದೂ ಉಂಟು. ಮಳೆ ಬಂದು ಕೆಡಿಸಿತು ಅಂತ.

ಒಂದು ಎಚ್ಚರಿಕೆ. ಈ ‘ವಾಟ್ ಎ ಪಿಟಿ’ ಸಣ್ಣ ನಿರಾಸೆಗಳ ಮಾತು. ಪಂದ್ಯ ರದ್ದಾಯಿತು, ಟಿಕೆಟ್ ಸಿಗಲಿಲ್ಲ, ರೈಲು ತಪ್ಪಿತು, ಇಂಥದ್ದಕ್ಕೆ ಸರಿ. ಯಾರದೋ ಮನೆಯಲ್ಲಿ ಸಾವಾಗಿದೆ ಅಂತ ತಿಳಿದಾಗ ಇದನ್ನು ಹೇಳಿದರೆ ಸಾವನ್ನು ತಪ್ಪಿದ ರೈಲಿನ ಮಟ್ಟಕ್ಕೆ ಇಳಿಸಿದಂತಾಗುತ್ತದೆ. ಕನ್ನಡದ ‘ಅಯ್ಯೋ ಪಾಪ’ ಎರಡೂ ಕಡೆ ನಡೆಯುತ್ತದೆ. ನಾವು ಎಡವುವುದು ಅಲ್ಲೇ ಅಂತ ಕಾಣುತ್ತದೆ.

‘ಎ’ ಇಲ್ಲದ ಪಿಟಿ ಮಾತ್ರ ನಿಜವಾದ ಕನಿಕರ. ‘ಐ ಫೆಲ್ಟ್ ಪಿಟಿ ಫಾರ್ ಹಿಮ್’ ಅಂದರೆ ಅವನನ್ನು ಕಂಡು ಮರುಕ ಹುಟ್ಟಿತು. ಕನಿಕರಪಟ್ಟು ಏನಾದರೂ ಸಹಾಯ ಮಾಡಿದರೆ ‘ಟೇಕ್ ಪಿಟಿ ಆನ್’. ಇವೆಲ್ಲ ಅಲ್ಲಿ ಇಲ್ಲದ ಮೂರನೆಯವರ ಬಗ್ಗೆ ಆಡಿದರೆ ಚೆಂದ. ಇನ್ನು ‘ಐ ಆಮ್ ಪಿಟಿಯಿಂಗ್’ ಅಂತ ಹಲವರು ಹೇಳುತ್ತಾರೆ, ಅದು ಕಿವಿಗೆ ಒಗ್ಗುವುದಿಲ್ಲ. ‘ಐ ಪಿಟಿ ಹಿಮ್’ ಸಾಕು.

ಈ ಪದಕ್ಕೆ ಮೇಲಿನಿಂದ ಕೆಳಗೆ ನೋಡುವ ಗುಣ ಹುಟ್ಟಿನಿಂದ ಬಂದದ್ದಲ್ಲ. ಮೂಲ ಲ್ಯಾಟಿನ್ನಿನ ‘ಪಿಯೆಟಾಸ್’, ಅಂದರೆ ಹೆತ್ತವರಿಗೆ, ದೇವರಿಗೆ, ನಾಡಿಗೆ ಸಲ್ಲಿಸಬೇಕಾದ ನಿಷ್ಠೆ. ಅದು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು ಎರಡು ಪದವಾಯಿತು: ಭಕ್ತಿ ಅನ್ನುವ ‘ಪಯಟಿ’, ಕನಿಕರ ಅನ್ನುವ ‘ಪಿಟಿ’. ಆದರೆ ಕನಿಕರ ಪಡೆಯುವವರ ಕಡೆಯಿಂದ ನೋಡಿದರೆ ಕಥೆಯೇ ಬೇರೆ. 1992ರಲ್ಲಿ ಲಂಡನ್ನಿನಲ್ಲಿ ಟಿವಿಯ ಟೆಲಿಥಾನ್ ಒಂದರ, ಅಂದರೆ ದೇಣಿಗೆಗಾಗಿ ಗಂಟೆಗಟ್ಟಲೆ ನಡೆಯುವ ಕಾರ್ಯಕ್ರಮದ ವಿರುದ್ಧ ಅಂಗವಿಕಲರು ಬೀದಿಗಿಳಿದರು. ದೇಣಿಗೆ ಎತ್ತಲು ತಮ್ಮನ್ನು ಪಾಪದವರಂತೆ ತೋರಿಸುತ್ತಾರೆ ಅನ್ನುವುದು ಅವರ ಸಿಟ್ಟು. ಅವರ ಘೋಷಣೆ ‘ಪಿಸ್ ಆನ್ ಪಿಟಿ’, ನಿಮ್ಮ ಕನಿಕರದ ಮೇಲೆ ಉಚ್ಚೆ ಹೊಯ್ಯುತ್ತೇವೆ ಅಂತ. ಒರಟು ಮಾತು, ಆದರೆ ಪದದ ಇಂದಿನ ರುಚಿ ಇಷ್ಟು ಸ್ಪಷ್ಟವಾಗಿ ಯಾವ ನಿಘಂಟಿನಲ್ಲೂ ಸಿಗಲಿಕ್ಕಿಲ್ಲ.

ಸಹಾನುಭೂತಿ ಅನ್ನುವ ‘ಸಿಂಪಥಿ’ ಇದಕ್ಕಿಂತ ಸುರಕ್ಷಿತ, ಸಾವಿನ ಮನೆಗೆ ಕಳಿಸುವ ಕಾರ್ಡಿನ ಮೇಲೂ ಇರುತ್ತದೆ. ಇನ್ನೊಬ್ಬರ ಜಾಗದಲ್ಲಿ ನಿಂತು ಅವರ ಭಾವನೆ ಅರಿಯುವ ‘ಎಂಪಥಿ’ ತೀರಾ ಹೊಸದು, ಜರ್ಮನ್ ಪದವೊಂದಕ್ಕೆ ಸಾಟಿಯಾಗಿ 1909ರಲ್ಲಿ ಮನೋವಿಜ್ಞಾನಿ ಎಡ್ವರ್ಡ್ ಟಿಚನರ್ ಬಳಕೆಗೆ ತಂದದ್ದು.

ಕೊನೆಗೆ ‘ಪಿಟಿಫುಲ್’. 1611ರ ಇಂಗ್ಲಿಷ್ ಬೈಬಲ್ ‘ಬಿ ಪಿಟಿಫುಲ್’ ಅಂತ ಭಕ್ತರಿಗೆ ಬುದ್ಧಿ ಹೇಳುತ್ತದೆ, ಅಂದರೆ ಕರುಣೆ ತುಂಬಿದವರಾಗಿರಿ ಅಂತ. ಈಗ ಅದು ದಯನೀಯ, ಇಲ್ಲವೇ ನಾಚಿಕೆಗೇಡು ಅನ್ನುವ ಅರ್ಥಕ್ಕೆ ಜಾರಿದೆ. ‘ಪಿಟಿಫುಲ್ ಸ್ಯಾಲರಿ’ ಅಂದರೆ ಹೇಳಿಕೊಳ್ಳಲೂ ಆಗದಷ್ಟು ಕಡಿಮೆ ಸಂಬಳ. ಆದ್ದರಿಂದ ಗೆಳತಿಗೆ ಬರೆಯುವಾಗ ‘ಯು ಆರ್ ಸೋ ಪಿಟಿಫುಲ್’ ಅಂತ ಮಾತ್ರ ಸೇರಿಸಬೇಡಿ.